ಐವತ್ತು ಗ್ರಾಂ ಮುದ್ದೆ

ಜನವರಿ 6, ಸೋಮವಾರ, ಬೆಳಿಗ್ಗೆ

ಕೆಟ್ಟ ಕನಸು. ದುರ್ಗಿಯನ್ನು ಶೇಂಗಾ ಚೀಲ ತೂಗುವ ಕಾಟಾದ ಮೇಲೆ ಕೂರಿಸಿದ್ದಾರೆ. ಮುಳ್ಳು ಅಲ್ಲಾಡುತ್ತಲೇ ಇಲ್ಲ. ಮಗು ನಗುತ್ತಿದೆ, ತೂಕವೇ ಇಲ್ಲ... ಎದ್ದು ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. ಉಸಿರು ಬೆಚ್ಚಗಿತ್ತು.

ಒಂಬತ್ತು ವರ್ಷದ ಮಗುವಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಹೋದ ತಿಂಗಳೇ ಗೊತ್ತಾಗಿದ್ದು. ಊಟಕ್ಕೆ ಮುಂಚೆ ಇಂಜೆಕ್ಷನ್. ಊಟ ತೂಕದ ಲೆಕ್ಕದಲ್ಲಿ. ಮಧ್ಯಾಹ್ನ ರಾಗಿ ಐವತ್ತು ಗ್ರಾಂ ಎಂದರು ಆಸ್ಪತ್ರೆಯ ಚೌಡೇಶ್ವರಿ ಸಿಸ್ಟರ್. ನಮಗೆ ಪಾವು, ಹಿಡಿ, ಸೌಟು ಗೊತ್ತು. ಏಳನೇ ಕ್ಲಾಸಿಗೆ ಬಿಟ್ಟವಳು ನಾನು. ಗ್ರಾಂ ಎಂದರೆ ಅಂಗಡಿಯವನ ಮಾತು.

ಸಂಜೆ

ಮನೆಯವರು ಜಗಳೂರಿನಿಂದ ಸಣ್ಣ ಕಾಟಾ ತಂದರು. ಅತ್ತೆ ಗಾದ್ರಮ್ಮ ಕಣ್ಣರಳಿಸಿ, "ಏನವ್ವಾ, ಬಂಗಾರದಂಗಡಿ ಇಡಾಕೆ ಹೊಂಟೀಯೇನು?" ಎಂದರು.

ದುರ್ಗಿ ದಿನಾ ತಿನ್ನುವ ಮುದ್ದೆ ಇಟ್ಟೆ. 160 ಬಂತು. ಇಷ್ಟು ದಿನ ನಾನೇ ಮಗುವಿಗೆ ಮೂರು ಪಟ್ಟು ತಿನ್ನಿಸಿದೆನಾ? ನಾಳೆಯಿಂದ ಐವತ್ತೇ.

ಜನವರಿ 7, ಮಂಗಳವಾರ

ಮಧ್ಯಾಹ್ನ ಕಿತ್ತು ಕಿತ್ತು ಐವತ್ತಕ್ಕೆ ತಂದೆ. "ಅವ್ವಾ, ಇದು ಮುದ್ದೆನೋ ಗೋಲಿನೋ?" ಎಂದಳು. ಬೈದು ತಿನ್ನಿಸಿದೆ. ಸ್ಕೂಲಿಗೆ ಓಡಿದಳು. ಏನೂ ಆಗಲಿಲ್ಲ. ಸರಿ ಇದೆ ಅಂದುಕೊಂಡೆ.

ಜನವರಿ 9, ಗುರುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಊಟ ಮಾಡಿ ಸ್ಕೂಲಿಗೆ ಹೋದವಳು ಬೆವೆತು ನಡುಗಿದ್ದಾಳೆ. ರಘುನಾಥ ಮೇಷ್ಟ್ರು ನಾವು ಹೇಳಿಟ್ಟಿದ್ದಂತೆ ಸಕ್ಕರೆ ನೀರು ಕುಡಿಸಿ ಫೋನ್ ಮಾಡಿದರು. ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಹೋಗುವಷ್ಟರಲ್ಲಿ ಕೂತು ಮಾತಾಡುತ್ತಿದ್ದಳು.

ಅಲ್ಲಿಂದಲೇ ಸಿಸ್ಟರಿಗೆ ಫೋನ್ ಹಚ್ಚಿದೆ.

"ಏನು ಕೊಟ್ಟಿದ್ರಿ?"

"ನೀವು ಹೇಳಿದಂಗೇ ರೀ, ಐವತ್ತು ಗ್ರಾಂ ಮುದ್ದೆ. ಮೊದ್ಲು ನೂರರವತ್ತು ಇರ್ತಿತ್ತು."

"ಮುದ್ದೆ ತೂಗಿದ್ರಾ? ಅಯ್ಯೋ ತಾಯಿ, ಹಿಟ್ಟು ತೂಗ್ಬೇಕು ರೀ! ನೀರಿಗೆ ತೂಕ ಇಲ್ಲೇನು? ಇಂಜೆಕ್ಷನ್ ಅಷ್ಟೇ ಇದ್ದು ಊಟ ಕಮ್ಮಿ ಆದ್ರೆ ಸಕ್ಕರೆ ಇಳಿದುಬಿಡ್ತತೆ. ನಿಮ್ಮ ಮೊದಲಿನ ಮುದ್ದೆನೇ ಸರಿ ಐತೆ."

ಹಿಟ್ಟು. ಬರೀ ಹಿಟ್ಟು. ಅಲ್ಲೇ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ, ಆಮೇಲೆ ನಕ್ಕೂಬಿಟ್ಟೆ. ಮೇಷ್ಟ್ರು ನೀರು ಕೊಟ್ಟರು.

ಮಂಗಳವಾರ ಯಾಕೆ ಏನೂ ಆಗಲಿಲ್ಲ ಎಂದು ಇವತ್ತು ಮನೆಯಲ್ಲಿ ಕೇಳಿದೆ. ಗಾದ್ರಮ್ಮತ್ತೆ ಸೆರಗು ಸರಿ ಮಾಡಿಕೊಂಡರು.

"ಹಿತ್ತಲಾಗೆ ಒಂದು ರೊಟ್ಟಿ ಕೊಟ್ಟಿದ್ದೆ ಕಣೇ. ಮಗು ಬಾಯಿ ಬಾಯಿ ಬಿಡ್ತಿತ್ತು. ಬೈಬ್ಯಾಡ. ನಿನ್ನೆ ನಾನು ತಂಗಿ ಊರಿಗೆ ಹೋಗಬಾರದಿತ್ತು."

ಬೈಯುವುದೆಲ್ಲಿ ಬಂತು. ಕಾಲು ಹಿಡಿದುಕೊಂಡೆ. ಆದರೂ ಇನ್ನು ಮೇಲೆ ಕದ್ದು ಕೊಡಬೇಡಿ, ನನಗೆ ಹೇಳಿ ಕೊಡಿ ಎಂದೆ.

ಜನವರಿ 12, ಭಾನುವಾರ

ಮೂರು ದಿನದಿಂದ ಸಕ್ಕರೆ ಹತೋಟಿಯಲ್ಲಿದೆ. ಮುದ್ದೆ ಮತ್ತೆ ಮುದ್ದೆಯಾಗಿದೆ. ದುರ್ಗಿ ಬೆರಳು ನೆಕ್ಕಿದಳು.

ದಿನಾ ಕಾಟಾ ಯಾಕೆ, ಲೋಟಕ್ಕೆ ಗುರುತು ಹಾಕೋಣ ಎಂದುಕೊಂಡೆ. ನಾನು ಅಳೆದರೆ ಒಂದು ತೂಕ, ಅತ್ತೆ ಅಳೆದರೆ ಇನ್ನೊಂದು! ಅವರು ಲೋಟವನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬುತ್ತಾರೆ. "ನಮ್ಮಪ್ಪ ಹಿಂಗೇ ಅಳೀತಿದ್ದ. ಸಡ್ಲ ಅಳೆದ್ರೆ ಮನೆ ಸಡ್ಲ ಆಗ್ತತೆ," ಎಂದರು. ಲೋಟ ಬೇಡ, ಕಾಟಾನೇ ಇರಲಿ. ಈಗ ಅವರೇ ಕನ್ನಡಕ ಹಾಕಿಕೊಂಡು ತೂಗುತ್ತಾರೆ. ಒಂದು ಚಿಟಿಕೆ ಹೆಚ್ಚಾದರೂ ತೆಗೆಯುತ್ತಾರೆ.

ರಾತ್ರಿ ನಿದ್ದೆ ಬಂತು. ಕನಸಿಲ್ಲ.

ಜನವರಿ 13, ಸೋಮವಾರ

ನಾಳೆ ಸಂಕ್ರಾಂತಿ. ಸಜ್ಜೆ ರೊಟ್ಟಿ. ದುರ್ಗಿಗೂ ಒಂದು, ಹಿಟ್ಟು ತೂಗಿಯೇ. ಸಿಸ್ಟರ್ ಹೂಂ ಎಂದಿದ್ದಾರೆ. ಎಲ್ಲ ಸರಿ ಇದೆ... ಆದರೆ ತಟ್ಟುವಾಗ ಕೆಳಗೆ ಉದುರಿಸುವ ಒಣಹಿಟ್ಟು? ಅದೂ ರೊಟ್ಟಿಗೇ ಅಂಟುತ್ತದಲ್ಲ. ಸಿಸ್ಟರನ್ನು ಕೇಳಿದ್ದೆ. ಅಷ್ಟೇನಾಗಲ್ಲ ಬಿಡ್ರಿ ಎಂದ ಹಾಗೆ ನೆನಪು. ಸರಿಯಾಗಿ ಕೇಳಿಸಿಕೊಂಡೆನಾ?

ಮನೆಯವರಿಗೆ ಹೇಳಿದೆ — ರೀ, ಇನ್ನೊಂದ್ಸಲ ಸಿಸ್ಟರಿಗೆ ಫೋನ್ ಹಚ್ರಿ, ಉದುರ್ಸೋ ಹಿಟ್ಟನ್ನೂ ತೂಕಕ್ಕೆ ಸೇರಿಸ್ಬೇಕಾ ಅಂತ ಒಂದು ಮಾತು ಕೇಳ್ರಿ.