ನಿಮ್ಮ ಕಾಫಿ ಮೂಟೆ ದಾಖಲಾಗಿದೆ

ಗೊರೋಕಾ
ಸೆಪ್ಟೆಂಬರ್ 6, ಶುಕ್ರವಾರ

ತಮ್ಮಾ ಗಾಂಡೆ,

ಈ ಸೊಟ್ಟ ಅಕ್ಷರ ನೋಡಿ ಬೇರೆ ಯಾರೋ ಬರೆದಿದ್ದಾರೆ ಅಂದುಕೊಳ್ಳಬೇಡ. ಬರೆಯುತ್ತಿರುವವಳು ನಿನ್ನ ಅಕ್ಕ ರೋಡಾಳೇ. ನನ್ನ ಬಲಗೈ ಇನ್ನೂ ಪೆನ್ನು ಹಿಡಿಯುವುದಿಲ್ಲ. ಎಡಗೈಗೆ ಕಲಿಸುತ್ತಿದ್ದೇನೆ. ನೀನು ಹುಟ್ಟಾ ಎಡಚ. ಚಿಕ್ಕವನಿದ್ದಾಗ ನಿನ್ನ ಬರಹ ಕೋಳಿ ಕೆದರಿದ ಹಾಗಿದೆ ಎಂದು ಹೀಯಾಳಿಸುತ್ತಿದ್ದೆ. ಈಗ ನನ್ನದೂ ಹಾಗೇ ಆಗಿದೆ, ನೀನು ನಗಬಹುದು.

ನೀನಿರುವ ಜೈಲಿಗೆ ಬಂದುಹೋಗುವ ಪಾಸ್ಟರ್ ಹೋದ ಭಾನುವಾರ ಸಿಕ್ಕಿದ್ದರು. ನೀನು ಅವರನ್ನು ಒಂದೇ ಮಾತು ಕೇಳಿದೆಯಂತೆ: “ಅಕ್ಕ ಅವತ್ತು ಅಲ್ಲಿಗೆ ಹೆಂಗೆ ಬಂದ್ಲು? ಅವಳಿಗೆ ಯಾರು ಹೇಳಿದ್ರು?” ಚಿಕ್ಕಮ್ಮ ಹೇಗಿದ್ದಾಳೆ ಎಂದು ಕೇಳಲಿಲ್ಲವಂತೆ. ಕೇಳುವ ಧೈರ್ಯ ಇರಲಿಲ್ಲವೆಂದು ಪಾಸ್ಟರ್ ನಿನ್ನ ಪರ ವಹಿಸಿದರು. ಇರಲಿ. ನೀನು ಕೇಳಿದ್ದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ಜೂನ್ ತಿಂಗಳ ಆ ಶನಿವಾರ ನಾನು ಇಲ್ಲಿ ಗೊರೋಕಾ ಪಟ್ಟಣದ ಒಂದು ಸಭಾಂಗಣದಲ್ಲಿದ್ದೆ. ಹ್ಯಾಕಥಾನ್ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಎರಡು ದಿನ ಪಟ್ಟು ಹಿಡಿದು ಕೂತು ಜನಕ್ಕೆ ಉಪಯೋಗಕ್ಕೆ ಬರುವ ಒಂದು ಆ್ಯಪ್ ಕಟ್ಟುವ ಪಂದ್ಯ. ನಾನು ಕೋಡ್ ಬರೆಯುವುದಿಲ್ಲ, ತೆರೆಯ ಮೇಲೆ ಚೌಕಗಳನ್ನು ಎಳೆದು ತಂದು ಒಂದಕ್ಕೊಂದು ಗೆರೆ ಜೋಡಿಸುತ್ತೇನೆ, ಅಷ್ಟಕ್ಕೇ ಅದು ಓಡುತ್ತದೆ ಎಂದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. “ನೆಲ ಅಗೀದೆ ಗೆಣಸು ಕೀಳೋ ವಿದ್ಯೆ ಕಲ್ತಿದ್ದೀಯಲ್ಲಕ್ಕಾ!”

ನಾನು ಮತ್ತು ನನ್ನ ಗೆಳತಿ ಕೆಟ್ಸಿನ್ ಕಟ್ಟುತ್ತಿದ್ದದ್ದು ನಮ್ಮೂರಿನಂಥ ಊರುಗಳಿಗಾಗಿ. ಕಾಫಿ ಒಣಗಿಸಿ ಮೂಟೆ ಕಟ್ಟಿದವರು ಫೋನಿನಲ್ಲಿ ಸಂಖ್ಯೆ ಒತ್ತಿದರೆ ಸಾಕು. ಒಂದು ದಾರಿಯಲ್ಲಿ ಸಾಕಷ್ಟು ಮೂಟೆ ಸೇರಿದಾಗ ಲಾರಿ ಹೊರಡುತ್ತದೆ. ಹೆಂಗಸರು ಮೂಟೆ ಹೊತ್ತುಕೊಂಡು ಹೆದ್ದಾರಿ ಬದಿಯಲ್ಲಿ ನೆನೆಯುತ್ತ ಕಾಯಬೇಕಿಲ್ಲ. ಈಸ್ಟರಿಗೆ ಬಂದಾಗ ಪರೀಕ್ಷೆಗೆಂದು ಚಿಕ್ಕಮ್ಮನ ಮಗಳು ಜಸಿಂಟಾಳ ಫೋನಿಗೆ ಅದನ್ನು ಹಾಕಿ, ಡೇಟಾ ತುಂಬಿಸಿ ಕೊಟ್ಟಿದ್ದೆ. ಯಾರೇ ಏನೇ ಕಳಿಸಿದರೂ ತಾನಾಗಿ ಹೋಗುವ ಉತ್ತರವೊಂದನ್ನು ನಾನೇ ಬರೆದಿದ್ದೆ. ಪಕ್ಕದಲ್ಲಿ ನಗುವ ಕೆಂಪು ಕಾಫಿ ಹಣ್ಣಿನ ಚಿತ್ರ ಬೇರೆ.

ಊಟದ ಹೊತ್ತಿಗೆ ಕೆಟ್ಸಿನ್ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. “ಏಯ್, ನಿಮ್ಮೂರಿಂದ ಮೂಟೆ ಬರ್ತಿದೆ ನೋಡೇ!” ಎಂದು ಖುಷಿಯಾಗಿಯೇ ಕರೆದಳು. ಮೂಟೆ ಎಷ್ಟು ಎಂಬಲ್ಲಿ ಸೊನ್ನೆ ಇತ್ತು. ಕೆಳಗೆ, ಬೇರೆ ಏನಾದರೂ ಹೇಳುವುದಿದೆಯೇ ಎಂಬಲ್ಲಿ, ಹೀಗಿತ್ತು: “ಅಮ್ಮನ್ನ ಕಟ್ಟಿಹಾಕಿದ್ದಾರೆ. ಅಕ್ಕಾ ಬಾ.”

ಅದಕ್ಕೆ ನನ್ನ ಉತ್ತರ ಹೋಗಿಯಾಗಿತ್ತು: “ಧನ್ಯವಾದ! ನಿಮ್ಮ ಕಾಫಿ ಮೂಟೆ ದಾಖಲಾಗಿದೆ. ಲಾರಿ ಬರುವ ದಿನ ತಿಳಿಸುತ್ತೇವೆ.”

ನೋಡುತ್ತಿದ್ದಂತೆ ಇನ್ನೊಂದು ಬಂತು. ಸೊನ್ನೆ ಮೂಟೆ. “ಸಂಗುಮಾ ಮಾಟ ಮಾಡಿ ಕೌಪಾನ ಗುಂಡಿಗೆ ತಿಂದ್ಲು ಅಂತಿದ್ದಾರೆ.” ಧನ್ಯವಾದ, ನಿಮ್ಮ ಕಾಫಿ ಮೂಟೆ ದಾಖಲಾಗಿದೆ. ಮತ್ತೊಂದು. “ಕಬ್ಬಿಣ ಕಾಯ್ಸಿ ಅಂತ ಕೂಗೋದು ಕೇಳ್ತಿದೆ.” ಧನ್ಯವಾದ. ಆ ಹಣ್ಣು ನಗುತ್ತಲೇ ಇತ್ತು, ಗಾಂಡೆ. ನಾನು ಕಿರುಚಿಕೊಂಡೆನಂತೆ. ನನಗೆ ನೆನಪಿಲ್ಲ. ಜಸಿಂಟಾಳ ಫೋನಿನಲ್ಲಿ ಕರೆಗೆ ಕಾಸಿರಲಿಲ್ಲ, ನಾನು ಹಾಕಿಸಿದ್ದ ಡೇಟಾ ಮಾತ್ರ ಇತ್ತು. ಅವಳು ಕಾಫಿ ತೋಟದ ಗೊಬ್ಬರದ ಗುಂಡಿಯಲ್ಲಿ ಸೊಪ್ಪು ಮೇಲೆಳೆದುಕೊಂಡು ಮಲಗಿ ಅದನ್ನೆಲ್ಲ ಒತ್ತಿದ್ದಳು. ಯಾರಿಗೂ ಅವಳು ಫೋನ್ ಮಾಡಿ ಮಾತಾಡಿಲ್ಲ.

ತೀರ್ಪುಗಾರರಲ್ಲಿ ಓಪಾ ಅಮ್ಮ ಇದ್ದರು. ನಮ್ಮ ಕಣಿವೆಗೆ ಕಾಫಿ ಕೊಳ್ಳಲು ಬರುವ ನೀಲಿ ಲಾರಿಯ ಒಡತಿ, ನಿನಗೆ ಗೊತ್ತಲ್ಲ, ಅಡಿಕೆ ಜಗಿದು ಹಲ್ಲೆಲ್ಲ ಕೆಂಪಾದ ದೊಡ್ಡ ಹೆಂಗಸು. ಅವರು ತೆರೆಯನ್ನು ಓದಿ ಕೇಳಿದರು:

“ಇದು ಯಾರ ಮನೆ?”

“ನಮ್ಮ ಚಿಕ್ಕಮ್ಮಂದು. ಡಿಲು ಅಂತ.”

“ಹಂಗಾದ್ರೆ ಇನ್ನೂ ಯಾಕೆ ಕೂತಿದ್ದೀಯ? ಏಳು!”

ದಾರಿಯಲ್ಲಿ ಪೊಲೀಸ್ ಠಾಣೆಗೆ ಹೋದೆವು. ಗಾಡಿಗೆ ಡೀಸೆಲ್ ಇಲ್ಲ, ಸೋಮವಾರ ನೋಡೋಣ ಎಂದರು. “ಸೋಮವಾರ ಹೆಣ ತರೋದಾದ್ರೆ ನಿಮ್ಮ ಗಾಡಿ ಯಾತಕ್ಕೆ? ನನ್ನ ಲಾರಿನೇ ಸಾಕು,” ಎಂದು ಓಪಾ ಅಮ್ಮ ಅವರ ಮೇಜಿನ ಕಾಲಬುಡಕ್ಕೆ ಉಗಿದು ಹೊರಟರು. ಡೌಲೋ ಘಾಟಿ ಹತ್ತುವಾಗ ಲಾರಿ ನರಳುತ್ತಿತ್ತು. ನಾನು ಚಿಕ್ಕಮ್ಮನನ್ನು ನೆನೆಯಲಿಲ್ಲ, ನಿನ್ನನ್ನು ನೆನೆದೆ. ಗಾಂಡೆ ಅಲ್ಲಿದ್ದಾನೆ, ಅವನು ಬಿಡುವುದಿಲ್ಲ ಎಂದು ಓಪಾ ಅಮ್ಮನಿಗೆ ಹೇಳುತ್ತಲೇ ಇದ್ದೆ. ನಮ್ಮಮ್ಮನ ಎದೆ ಬತ್ತಿದಾಗ ಒಂದು ಮೊಲೆ ಜಸಿಂಟಾಳಿಗೆ, ಒಂದು ಮೊಲೆ ಅವನಿಗೆ ಕೊಟ್ಟು ಬೆಳೆಸಿದವಳು ಇವಳು, ಅವನು ಅಡ್ಡ ನಿಂತಿರುತ್ತಾನೆ ಎಂದೆ. ಓಪಾ ಅಮ್ಮ ಡ್ರೈವರಿಗೆ ಇನ್ನೂ ಜೋರಾಗಿ ಓಡಿಸು ಎಂದರು. ಇಂಥ ಊರುಗಳನ್ನು ಅವರು ಬೇಕಾದಷ್ಟು ನೋಡಿದ್ದರು.

ಮುಂದಿನದ್ದರಲ್ಲಿ ಅರ್ಧ ನಿನಗೆ ಗೊತ್ತು. ನಾನು ನಿಂತಲ್ಲಿಂದ ಹೇಗೆ ಕಂಡಿತು ಎಂಬುದು ಗೊತ್ತಿಲ್ಲ.

ಆಟದ ಬಯಲಿನಲ್ಲಿ ಊರೆಲ್ಲ ಸೇರಿತ್ತು. ನಿನ್ನ ಗೆಳೆಯ ಕೌಪಾ ಓಡುತ್ತ ಓಡುತ್ತ ಬಿದ್ದು ಸತ್ತ ಬಯಲು ಅದೇ. ಹೋದ ವರ್ಷವೂ ಅವನು ಅಲ್ಲೇ ಎಚ್ಚರತಪ್ಪಿ ಬಿದ್ದಿದ್ದ. ಎದೆಯಲ್ಲಿ ದೋಷವಿದೆ, ಆಟ ಬಿಡು ಎಂದು ಡಾಕ್ಟರು ಹೇಳಿದಾಗ ಅವನ ಪಕ್ಕದಲ್ಲಿ ಕೂತಿದ್ದವನು ನೀನೇ. ಅವನ ಅಣ್ಣ ಬೊಮಾಯಿಗೂ ಅದು ಗೊತ್ತಿತ್ತು. ಬೊಮಾಯಿಗೆ ಚಿಕ್ಕಮ್ಮನ ತೋಟದ ಮೇಲೆ ಎಷ್ಟು ವರ್ಷದಿಂದ ಕಣ್ಣಿತ್ತು ಎಂಬುದೂ ಊರಿಗೆಲ್ಲ ಗೊತ್ತಿತ್ತು. ಗಂಡ ಸತ್ತವಳು, ಗಂಡುಮಗನಿಲ್ಲದವಳು. ಸಾವಿನ ಮನೆಯಲ್ಲಿ ಅವಳ ಕಣ್ಣಲ್ಲಿ ನೀರು ಬರಲಿಲ್ಲವಂತೆ, ಅದಕ್ಕೇ ಅವಳೇ ತಿಂದವಳಂತೆ.

ಗೋಲಿನ ಕಂಬಕ್ಕೆ ಅವಳನ್ನು ಕಟ್ಟಿದ್ದರು. ಮೈಮೇಲೆ ಬಟ್ಟೆ ಇರಲಿಲ್ಲ. ಕೂದಲು ಸುಟ್ಟಿತ್ತು. ಅವಳ ಹಿಂದೆ ಅವಳ ಮನೆ ಉರಿಯುತ್ತಿತ್ತು, ಒಳಗೆ ಕಟ್ಟಿದ್ದ ಹಂದಿಮರಿಗಳು ಕೂಗುವುದು ಕೇಳುತ್ತಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಲಾರಿಯ ವಾಸನೆಯಲ್ಲೂ, ಹೊಗೆಯಲ್ಲೂ, ಸುಟ್ಟ ಚರ್ಮದ ವಾಸನೆ ಬೇರೆಯಾಗಿಯೇ ಮೂಗಿಗೆ ಬಂತು. ಬೊಮಾಯಿ ಕೇಳುತ್ತಿದ್ದ: “ಗುಂಡಿಗೆ ಎಲ್ಲಿ ಬಚ್ಚಿಟ್ಟಿದ್ದೀಯೆ? ಹೇಳು, ವಾಪಸ್ ಕೊಡು!” ಅವಳು “ಎಲ್ಲಿಂದ ತರ್ಲಿ ಮಗಾ, ಎಲ್ಲಿಂದ ತರ್ಲಿ” ಅನ್ನುತ್ತಿದ್ದಳು. ಆಗ ಬೊಮಾಯಿ ತಲೆಯಾಡಿಸಿ ಸನ್ನೆ ಮಾಡಿದ. ಬೆಂಕಿಯಿಂದ ಒಬ್ಬ ಕೆಂಪಗೆ ಕಾದ ಸಲಾಕೆ ತೆಗೆದ.

ಮುಖಕ್ಕೆಲ್ಲ ಸೂತಕದ ಬಿಳಿ ಮಣ್ಣು ಮೆತ್ತಿಕೊಂಡಿದ್ದಿರಿ, ಇಪ್ಪತ್ತು ಮಂದಿಯೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಆದರೆ ಸಲಾಕೆ ಎಡಗೈಯಲ್ಲಿತ್ತು. ಅದನ್ನು ಅವಳ ತೊಡೆಯ ಮೇಲಿಟ್ಟವನು ಮುಖ ತಿರುಗಿಸಿಕೊಂಡ. ಚಿಕ್ಕಂದಿನಲ್ಲಿ ಹಂದಿ ಕೊಯ್ಯುವಾಗ ನೀನು ತಿರುಗಿಸಿಕೊಳ್ಳುತ್ತಿದ್ದ ಹಾಗೆಯೇ.

ಓಪಾ ಅಮ್ಮ ತಾವೇ ಕೈ ಚಾಚಿ ಹಾರ್ನ್ ಒತ್ತಿ ಹಿಡಿದು, ಡ್ರೈವರಿಗೆ ಹೇಳಿ ಲಾರಿಯನ್ನು ಜನದೊಳಕ್ಕೇ ನುಗ್ಗಿಸಿದರು. ಮೂಟೆಗಳ ಮೇಲೆ ಹತ್ತಿ ನಿಂತು ಕೂಗಿದರು: “ಕೇಳ್ರೋ! ಈ ಹೆಂಗಸು ಸತ್ರೆ ನನ್ನ ಲಾರಿ ಈ ಕಣಿವೆಗೆ ಇನ್ನು ಬರಲ್ಲ. ಯಾರ ಲಾರಿನೂ ಬರದ ಹಾಗೆ ಮಾಡ್ತೀನಿ. ಕಾಫಿನ ಹೊಳೆಗೆ ಸುರ್ಕೊಳ್ಳಿ, ನಿಮ್ಮ ಹೆಂಡ್ರು ಮಕ್ಳಿಗೆ ಬೂದಿ ತಿನ್ಸಿ!” ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗಳಿಗೆಯಲ್ಲಿ ನಾನು ಇಳಿದು ಓಡಿದೆ. ಲಾರಿಯಲ್ಲಿದ್ದ ಮೂಟೆ ಕೊಯ್ಯುವ ಚಾಕು ಕೈಯಲ್ಲಿತ್ತು.

ನೀನು ನನಗೆ ಎದುರು ಬಂದೆ. “ಅಕ್ಕಾ, ಹೋಗು. ನಿನ್ನೂ ಕೊಲ್ತಾರೆ,” ಎಂದು ಪಿಸುಗುಟ್ಟಿದೆ. ನಿನ್ನನ್ನು ನೂಕಿ ಹಗ್ಗ ಕೊಯ್ಯತೊಡಗಿದೆ. ಬೊಮಾಯಿಯ ಮಚ್ಚು ಬಂದದ್ದು ನನಗೆ ಕಾಣಲಿಲ್ಲ. ಮಣಿಕಟ್ಟಿನ ಮೇಲೆ ಯಾರೋ ತಣ್ಣೀರು ಎರಚಿದ ಹಾಗಾಯಿತು, ಅಷ್ಟೇ. ನೋಡಿದರೆ ಕೈ ಪಕ್ಕಕ್ಕೆ ಜೋತುಬಿದ್ದಿತ್ತು. ಎರಡನೆಯ ಏಟಿಗೆ ಅವನು ಮಚ್ಚು ಎತ್ತಿದಾಗ ನೀನು ಅವನ ಪಕ್ಕದಲ್ಲೇ ಇದ್ದೆ. ಕೈ ಚಾಚಿದ್ದರೆ ಸಿಗುತ್ತಿದ್ದ. ನೀನು ನಿಂತೇ ಇದ್ದೆ. ಲಾರಿ ಡ್ರೈವರ್ ಬಂದು ಸ್ಪ್ಯಾನರಿನಿಂದ ಬೊಮಾಯಿಯ ದವಡೆಗೆ ಬಾರಿಸಿದ. ಯಾರೋ ಹೊರಗಿನವನು. ನಮ್ಮ ಭಾಷೆಯೂ ಬಾರದವನು.

ಚಿಕ್ಕಮ್ಮನನ್ನು ಮೂಟೆಗಳ ಮೇಲೆ ಹಾಕಿಕೊಂಡು ಹೊರಟಾಗ ಕಲ್ಲು ಬೀಳುತ್ತಿದ್ದವು. ಮುಂದಿನ ಗಾಜು ಒಡೆಯಿತು, ಡ್ರೈವರಿನ ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ತೋಟದ ತಿರುವಿನಲ್ಲಿ ಜಸಿಂಟಾ ಮೈಯೆಲ್ಲ ಗೊಬ್ಬರವಾಗಿ ಓಡಿಬಂದು ಹಿಂದಿನಿಂದ ಹತ್ತಿದಳು. ನಾವು ಅತ್ತ ಹೊರಟ ಮೇಲೆ ಕೆಟ್ಸಿನ್ ಆ ತಾನಾಗಿ ಹೋಗುವ ಉತ್ತರವನ್ನು ಕಿತ್ತುಹಾಕಿ, “ಬರ್ತಿದ್ದಾರೆ. ನೀಲಿ ಲಾರಿ ಕಾಣೋ ತನಕ ಹೊರಗೆ ಬರ್ಬೇಡ” ಎಂದು ಬರೆದಿದ್ದಳಂತೆ. ಅದೊಂದು ಮಾತಿನಿಂದ ಜಸಿಂಟಾ ಉಳಿದಳು.

ಮಾರನೆಯ ದಿನ ಕೆಟ್ಸಿನ್ ಒಬ್ಬಳೇ ವೇದಿಕೆ ಹತ್ತಿ, ಜಸಿಂಟಾ ಕಳಿಸಿದ್ದನ್ನೂ ನಮ್ಮ ಆ್ಯಪ್ ಕೊಟ್ಟ ಉತ್ತರಗಳನ್ನೂ ಒಂದರ ಕೆಳಗೊಂದು ತೋರಿಸಿದಳಂತೆ. ಆಮೇಲೆ ಒಬ್ಬ ತೀರ್ಪುಗಾರ “ಇದಕ್ಕೆ ಬಳಕೆದಾರರು ಎಷ್ಟು ಮಂದಿ ಸಿಗಬಹುದು?” ಎಂದು ಕೇಳಿದನಂತೆ. ಅವಳು ಕಂಪ್ಯೂಟರ್ ಮುಚ್ಚಿ ಇಳಿದು ಆಸ್ಪತ್ರೆಗೆ ಬಂದಳು.

ಆ್ಯಪನ್ನು ನಾನು ಬಿಟ್ಟಿಲ್ಲ. ಚೌಕ ಎಳೆಯುವುದಕ್ಕೆ ಒಂದು ಬೆರಳು ಸಾಕು, ಎಡಗೈಯದಾದರೂ ನಡೆಯುತ್ತದೆ. ಈಗ ಮೂಟೆಯ ಜಾಗದಲ್ಲಿ ಸೊನ್ನೆ ಒತ್ತಿದರೆ ಅದು ಓಪಾ ಅಮ್ಮನಿಗೂ, ಮಿಷನ್ ಆಸ್ಪತ್ರೆಯ ಸಿಸ್ಟರುಗಳಿಗೂ, ನನಗೂ ಒಟ್ಟಿಗೇ ಬರುತ್ತದೆ. ಹೊರಗೆ ನೋಡಿದವರಿಗೆ ಬರೀ ಕಾಫಿ ಲೆಕ್ಕ. ಎರಡು ಊರಿಗೆ ಹೊತ್ತಿಗೆ ಸರಿಯಾಗಿ ತಲುಪಿದೆವು. ಒಂದು ಊರಿಗೆ ತಲುಪಲಿಲ್ಲ. ಅಲ್ಲಿ ನಾವು ಕಂಡದ್ದನ್ನು ನಿನಗೆ ಬರೆಯುವುದಿಲ್ಲ.

ಚಿಕ್ಕಮ್ಮ ನನ್ನ ಕೋಣೆಯಲ್ಲೇ ಇದ್ದಾಳೆ. ಎಡಗಾಲು ಮಡಚಲು ಆಗುವುದಿಲ್ಲ. ನಿದ್ದೆಯಲ್ಲಿ “ಎಲ್ಲಿಂದ ತರ್ಲಿ” ಅನ್ನುತ್ತಾಳೆ. ಒಲೆ ಹೊತ್ತಿಸುವಾಗ ಜಸಿಂಟಾ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೂರಿಸುತ್ತಾಳೆ. ಪೊಲೀಸರು ಬಂದು ಕೇಳಿದಾಗ ಹೊಗೆ ತುಂಬಿತ್ತು, ಯಾರ ಮುಖವೂ ಕಾಣಲಿಲ್ಲ ಎಂದಳು. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿಕೊಂಡು ನನಗೆ ಹೇಳಿದಳು: “ಅವನ ಕೈ ನಡುಗ್ತಿತ್ತು ಕಣೆ. ಬೇರೆಯವರದ್ದು ನಡುಗ್ಲಿಲ್ಲ.” ಇದನ್ನು ನಿನಗೆ ಬರೆಯಲೇಬೇಕೆಂದು ಹಟ ಹಿಡಿದಿದ್ದಾಳೆ, ಬರೆದಿದ್ದೇನೆ. ಅವಳಿಗೆ ಇದು ಸಾಕಾಗಿದೆ. ನನಗೆ ಸಾಕಾಗಿಲ್ಲ.

ನಿನಗೆ ಬೊಮಾಯಿಯ ಭಯವಿತ್ತೋ, ಕೌಪಾ ಸತ್ತ ದುಃಖಕ್ಕೆ ತಲೆ ಕೆಟ್ಟಿತ್ತೋ, ನಿಜಕ್ಕೂ ಅವಳು ತಿಂದಳೆಂದೇ ನಂಬಿದ್ದೆಯೋ ನನಗೆ ತಿಳಿಯದು. ಉತ್ತರ ಬರೆಯುವುದಾದರೆ ಅದೊಂದನ್ನೇ ಬರೆ. ಪಾಸ್ಟರ್ ಹೇಳಿಕೊಟ್ಟ ಮಾತು ಬೇಡ.

ಅಲ್ಲಿ ಚಳಿ ಜಾಸ್ತಿಯಂತೆ. ಜಸಿಂಟಾಳಿಗೆ ಗೊತ್ತಾಗದ ಹಾಗೆ ಚಿಕ್ಕಮ್ಮ ಹೆಣೆದ ಟೋಪಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ.

ಇಂತು ನಿನ್ನ ಒಡಹುಟ್ಟಿದ
ರೋಡಾ

ತಾ.ಕ.: ಪೊಲೀಸರಿಗೆ ನಿನ್ನ ಹೆಸರು ಕೊಟ್ಟವಳು ಜಸಿಂಟಾ ಎಂದು ಊರಿನಲ್ಲಿ ಮಾತಾಡುತ್ತಿದ್ದಾರೆ. ಅವಳ ಮೇಲೆ ಕೈಯೆತ್ತುವುದಾಗಿ ನಿನ್ನ ಗೆಳೆಯರು ಹೇಳಿಕಳಿಸಿದ್ದಾರೆ. ಅವರಿಗೆ ಹೇಳು, ಗುಂಡಿಯಲ್ಲಿ ಮಲಗಿದ್ದವಳಿಗೆ ಏನೂ ಕಾಣಲಿಲ್ಲ. ಹೆಸರು ಕೊಟ್ಟವಳು ನಾನು. ಕೈ ಹೊಲಿದು ಮುಗಿಸಿ, ಅರಿವಳಿಕೆಯ ಮಂಪರು ಇಳಿಯುತ್ತಿದ್ದ ಹಾಗೇ ನಾನು ಆಡಿದ ಮೊದಲ ಮಾತು “ಗಾಂಡೆ.” ಪಾಪ, ತಮ್ಮನನ್ನು ಕರೆಯುತ್ತಿದ್ದಾಳೆ ಎಂದು ನರ್ಸ್ ನನ್ನ ತಲೆ ಸವರಿದಳು. ಬಾಗಿಲಲ್ಲಿ ನಿಂತಿದ್ದ ಪೊಲೀಸನ ಕಡೆ ತಿರುಗಿ ನಾನು ಇನ್ನೊಮ್ಮೆ ಹೇಳಿದೆ, ಅಪ್ಪನ ಹೆಸರನ್ನೂ ಸೇರಿಸಿ. ಕೋರ್ಟಿನಲ್ಲೂ ಹೇಳುತ್ತೇನೆ, ನಿನ್ನ ಮುಖ ನೋಡಿಕೊಂಡೇ.