ನೀವು ಬಂದ ದಿನ ಮನೆಯಲ್ಲಿ ಕೂತಿದ್ದ ಸೊಸೆ

ವಿಶ್ವವಿದ್ಯಾಲಯಗಳ ದಕ್ಷತೆ ಅಳೆದು ಸಾಲಾಗಿ ನಿಲ್ಲಿಸುವ ಮಾನ್ಯರೇ,

ನಮ್ಮೂರ ವಿಶ್ವವಿದ್ಯಾಲಯ ಈ ಸಲ ನಿಮ್ಮ ಸಾಲಿನಲ್ಲಿ ಮೇಲೇರಿದೆ. ಏರಿದ್ದು ನನ್ನ ಸೊಸೆಯಂಥವರನ್ನು ಹೊರಗೆ ಹಾಕಿ. ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಹಳ್ಳಿ ಶಾಲೆಯಲ್ಲಿ ಓದಿದವಳು ನಾನು. ದಕ್ಷತೆ ಎಂದರೇನೆಂದು ಸೊಸೆಯನ್ನೇ ಕೇಳಿದ್ದೆ. "ಕಮ್ಮಿ ಖರ್ಚಲ್ಲಿ, ಬೇಗ ಬೇಗ ಎಷ್ಟು ಜನಕ್ಕೆ ಪದವಿ ಕೊಟ್ರು ಅಂತ ನೋಡ್ತಾರೆ ಅತ್ತೆ" ಎಂದಳು. "ಹಂಗಾದ್ರೆ ನೀನು ಅವರಿಗೆ ಗಂಟಲ ಮುಳ್ಳು ಬಿಡು" ಎಂದು ನಕ್ಕೆ. ನಗಬಾರದಿತ್ತು.

ಬಾವಿಗಳ ನೀರು ಯಾಕೆ ಉಪ್ಪಾಗುತ್ತಿದೆ ಎಂಬುದು ಅವಳ ಸಂಶೋಧನೆ. ನಡುವೆ ಹೆರಿಗೆಯಾಯಿತು, ಮಗುವಿಗೆ ಉಬ್ಬಸ, ಓದು ನಿಂತಿತು. ಆಮೇಲೆ ಕೂಸನ್ನು ನನ್ನ ಮಡಿಲಿಗೆ ಹಾಕಿ ಮತ್ತೆ ಪ್ರಯೋಗಾಲಯಕ್ಕೆ ಹೋಗತೊಡಗಿದಳು. ನಿಮ್ಮ ತಂಡ ಬರುವ ಹಿಂದಿನ ದಿನ ವಿಭಾಗದ ಮುಖ್ಯಸ್ಥರ ಫೋನು: "ನಾಳೆ ಒಂದಿನ ಬರಬೇಡಮ್ಮ. ತಡ ಆದವರನ್ನೆಲ್ಲ ಬಿಟ್ಟುಹೋದವರು ಅಂತ ತೋರಿಸ್ತಿದೀವಿ. ಅವರು ಹೋದ್ಮೇಲೆ ಸರಿಮಾಡೋಣ."

ನೆಂಟರು ಬಂದರೆ ಹರಕು ಚಾಪೆಯನ್ನು ಒಳಗೆ ತಳ್ಳುವುದು ನಮ್ಮ ಮನೆಯಲ್ಲೂ ಉಂಟು. ಆದರೆ ಅವರು ಹೋದ ಮೇಲೆ ಮತ್ತೆ ಅದನ್ನೇ ಹಾಸುತ್ತೇವೆ. ನೀವು ಬಂದುಹೋದ ಮರುದಿನ ಸೊಸೆ ಹೋಗಿ ನೋಡಿದರೆ, ಅವಳ ಮೇಜಿನ ಮೇಲೆ ನಿಮ್ಮ ಸ್ವಾಗತದ ಹೂಕುಂಡ. ಊರೂರು ತಿರುಗಿ ತಂದಿದ್ದ ಬಾವಿ ನೀರನ್ನೆಲ್ಲ ಚೆಲ್ಲಿ, ಶೀಸೆಗಳನ್ನು ಫಳಫಳ ತೊಳೆದಿಟ್ಟಿದ್ದರು. ಎಷ್ಟು ದಕ್ಷತೆ ನೋಡಿ!

ನಾನೇ ಹೋಗಿ ಕೇಳಿದೆ. "ಏನ್ ಮಾಡ್ಲಿ ತಾಯಿ, ವಾಪಸ್ ಸೇರಿಸ್ಕೊಂಡ್ರೆ ಮುಂದಿನ ವರ್ಷ ಸ್ಥಾನ ಇಳಿಯುತ್ತೆ" ಎಂದು ಮುಖ್ಯಸ್ಥರು ನೆಲ ನೋಡಿದರು. ಜಗಳವಾಡೋಣವೆಂದೇ ಹೋಗಿದ್ದೆ, ಆ ಮುಖ ನೋಡಿ ಸುಸ್ತಾಗಿ ಬಂದುಬಿಟ್ಟೆ.

ದೇವರೂ ನಮ್ಮನ್ನು ಅಳೆಯುತ್ತಾನೆ ಎಂದು ನಂಬಿದವಳು ನಾನು. ಆದರೆ ಎಡವಿದವರು ಹುಟ್ಟೇ ಇಲ್ಲವೆಂದು ತೋರಿಸಿ ಲೆಕ್ಕ ಚಂದಮಾಡುವ ದೇವರನ್ನು ಕಂಡಿಲ್ಲ. ರೋಗಿಗಳನ್ನು ಹಿತ್ತಲಿಗೆ ಅಟ್ಟಿ, ನಮ್ಮಲ್ಲಿ ಯಾರೂ ನರಳುತ್ತಿಲ್ಲ ಎನ್ನುವ ಆಸ್ಪತ್ರೆ ಇದ್ದರೆ ಅದಕ್ಕೂ ಮೊದಲ ಸ್ಥಾನ ಕೊಡುವಿರೇನು?

ಇನ್ನೊಮ್ಮೆ ಬನ್ನಿ, ಹೇಳದೆ ಬನ್ನಿ. ಬಿಟ್ಟುಹೋದವರು ಎನಿಸಿಕೊಂಡವರ ಮನೆಗೆ ಹೋಗಿ, ಯಾಕೆ ಬಿಟ್ಟಿರಿ ಎಂದು ಅವರ ಬಾಯಿಂದಲೇ ಕೇಳಿ. ಸ್ಥಾನ ಇಳಿದರೆ ಇಳಿಯಲಿ, ನನ್ನ ಸೊಸೆಗೆ ಅವಳ ಮೇಜು ವಾಪಸು ಕೊಡಿಸಿ. ಈ ಬೆಳಿಗ್ಗೆ ಅವಳು ಖಾಲಿ ಶೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಮೊದಲ ಬಾವಿಯಿಂದ ಶುರುಮಾಡಲು ಹೋಗಿದ್ದಾಳೆ. ತಂದ ನೀರನ್ನು ಎಲ್ಲಿಡುತ್ತಾಳೋ, ನನಗೆ ಕೇಳಲು ಧೈರ್ಯವಾಗಲಿಲ್ಲ.

ಇಂತಿ,
ಮಡಿಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಬರೆದ,
ನಿಮ್ಮ ಲೆಕ್ಕದಲ್ಲಿ ಇಲ್ಲದವಳ ಅತ್ತೆ