ಬಾವಿಯೊಳಗಿನ ಮಾಂತ್ರಿಕ

ತಮ್ಮಾ,

ಈ ಅಕ್ಕನನ್ನು ಒಂದು ಮಾತೂ ಕೇಳದೆ ನೀನು ‘ನಮ್ಮ ಪಾತ್ರದಾಟ ಇನ್ನು ಮುಂದೆ ಇಲ್ಲ’ ಎಂದು ಎಲ್ಲರಿಗೂ ಮೆಸೇಜ್ ಕಳಿಸಿದೆ. ದಾಳ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಮುಂದುವರಿಸುವ ಆಟವನ್ನು ನೀನೊಬ್ಬನೇ ಮುಗಿಸಲಾಗುತ್ತದೆಯೇ?

ಬೆಳಿಗ್ಗೆ ಟೈಲರಣ್ಣ ಅಂಗಡಿ ತೆರೆಯುವ ಮೊದಲೇ ಬಂದು ಬಾಗಿಲು ಬಡಿದರು. “ಏನು ತಂಗೀ, ಯಾರನ್ನ ಕೇಳಿ ನಿಲ್ಲಿಸಿದ್ರಿ? ಮೂರು ತಿಂಗಳಿಂದ ನನ್ನ ಮಾಂತ್ರಿಕ ಬಾವಿಯೊಳಗೆ ನೇತಾಡ್ತಾ ಇದ್ದಾನೆ!”

ನೋಡಿದೆಯಾ! ನಾಲ್ವರಿಗೂ ಒಟ್ಟಿಗೆ ಬಿಡುವಾಗಲಿ ಎಂದು ಕಾದು ಕಾದು ನಾವೇ ಆಟದ ಕತ್ತು ಹಿಸುಕುತ್ತಿದ್ದೆವು. ಬಿಡುವನ್ನು ಯಾರೂ ಕೊಡುವುದಿಲ್ಲ ಕಣೋ, ಕಿತ್ತುಕೊಳ್ಳಬೇಕು. ಇನ್ನು ಪ್ರತಿ ಗುರುವಾರ ಸಂಜೆ ಆರಕ್ಕೆ, ಇಬ್ಬರೇ ಬಂದರೂ ಆಟ ನಡೆಯುತ್ತದೆ. ಬಾರದವರ ಪಾತ್ರ ಅವತ್ತು ಕಥೆಯೊಳಗಿನ ನಮ್ಮ ಗಾಡಿಯಲ್ಲಿ ಮಲಗಿರುತ್ತದೆ. ಇವತ್ತೇ ಶುರು!

ಮೇಜಿನ ಮೇಲಿನ ಬಟ್ಟೆ ಮಡಚಿಡು. ದಾಳದ ಡಬ್ಬಿಯನ್ನು ಅಟ್ಟಕ್ಕೇರಿಸಿದವನು ನೀನು, ನೀನೇ ಇಳಿಸು. ಮುಖ ಊದಿಸಿಕೊಳ್ಳಬೇಡ, ನಿನ್ನ ಕಳ್ಳನಿಲ್ಲದೆ ಆ ಮಾಂತ್ರಿಕನನ್ನು ಮೇಲೆತ್ತುವವರು ಯಾರು?

ನರ್ಸಮ್ಮನಿಗೂ ಫೋನ್ ಮಾಡಿದೆ. ‘ಡ್ಯೂಟಿ ಮುಗಿಸಿ ಸುಸ್ತಾಗಿರುತ್ತೀಯ, ಇವತ್ತು ನಿನ್ನ ಬಿಲ್ಲುಗಾರ್ತಿಯನ್ನು ಗಾಡಿಯಲ್ಲೇ ಮಲಗಿಸು’ ಎಂದೆ. ಅದಕ್ಕೆ ಅವಳು:

“ಹಗಲೆಲ್ಲ ವಾರ್ಡಿನವರನ್ನ ಮಲಗಿಸಿದ್ದೇ ಸಾಕು. ನನ್ನ ಬಿಲ್ಲುಗಾರ್ತಿ ಮಲಗಲ್ಲ, ಹೋಗೇ!”